ಬಾಣಂತನಕ್ಕೆ ಟ್ಯಾಂಪಾಗೆ ಹೊರಟವರಿಗೆ: ಚಂಡಮಾರುತ ಬಂದರೆ ಊರು ಬಿಡುವುದು ಹೇಗೆ?

ಪ್ರಶ್ನೆ: ನಾವು ಮೈಸೂರು ವಿಜಯನಗರದವರು. ಮಗಳು, ಅಳಿಯ ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾದಲ್ಲಿದ್ದಾರೆ. ಸೆಪ್ಟೆಂಬರ್ ಕೊನೆಗೆ ಮಗಳ ಹೆರಿಗೆ. ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಆಗಸ್ಟ್‌ನಲ್ಲಿ ಹೊರಡುತ್ತಿದ್ದೇವೆ. ಅಲ್ಲಿ ಅದೇ ಚಂಡಮಾರುತದ ಕಾಲವಂತೆ. ಅವರ ಮನೆ ಕೊಲ್ಲಿಯಿಂದ ಎರಡು ಕಿಲೋಮೀಟರ್ ದೂರದ ಅಪಾರ್ಟ್‌ಮೆಂಟ್. ‘ನಮ್ಮದು ಎರಡನೇ ಮಹಡಿ ಅತ್ತೆ, ಏನೂ ಆಗಲ್ಲ’ ಅಂತಾರೆ ಅಳಿಯಂದಿರು. ಆದರೆ 2024ರಲ್ಲಿ ಲಕ್ಷಗಟ್ಟಲೆ ಜನ ಕಾರು ಹತ್ತಿ ಊರು ಬಿಟ್ಟದ್ದನ್ನು ಟೀವಿಯಲ್ಲಿ ನೋಡಿದ್ದೇವೆ. ಯಜಮಾನರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಂಥ ಹೊತ್ತು ಬಂದರೆ ಹೊರಡಬೇಕೇ, ಮನೆಯಲ್ಲೇ ಇರಬೇಕೇ? ಹೊರಟರೆ ಎಲ್ಲಿಗೆ, ಯಾವಾಗ? ಕೆಆರ್‌ಎಸ್ ತುಂಬಿ ನೀರು ಬಿಟ್ಟಾಗ ಶ್ರೀರಂಗಪಟ್ಟಣದಲ್ಲಿ ಏನಾಗುತ್ತದೆ ಅನ್ನುವುದು ಬಿಟ್ಟರೆ ನಮಗೆ ಬೇರೇನೂ ಗೊತ್ತಿಲ್ಲ.

ಉತ್ತರ: ಶ್ರೀರಂಗಪಟ್ಟಣ ನೋಡಿದ್ದೀರಲ್ಲ, ಅರ್ಧ ಪಾಠ ಅಲ್ಲೇ ಆಗಿದೆ. ಅಣೆಕಟ್ಟೆಯಿಂದ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟರೆ ವೆಲ್ಲೆಸ್ಲಿ ಸೇತುವೆ ಮುಳುಗುತ್ತದೆ, ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ, ನಿಮಿಷಾಂಬ ದೇವಸ್ಥಾನದ ಹತ್ತಿರ ಯಾರೂ ನದಿಗೆ ಇಳಿಯದಂತೆ ಹಗ್ಗ ಕಟ್ಟುತ್ತಾರೆ. ದಡದಿಂದ ನಾಲ್ಕು ಬೀದಿ ಮೇಲಿರುವವರು ಮಾತ್ರ ಎಂದಿನ ಹಾಗೆ ಕಾಫಿ ಕುಡಿದು, ನೀರು ನೋಡಿಕೊಂಡು ಬರಲು ಹೊರಡುತ್ತಾರೆ. ಒಂದೇ ಊರು, ಒಂದೇ ನೀರು. ಒಬ್ಬರು ಗಂಟುಮೂಟೆ ಕಟ್ಟಬೇಕು, ಇನ್ನೊಬ್ಬರು ಕಟ್ಟಬೇಕಾಗಿಲ್ಲ. ಟ್ಯಾಂಪಾದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ನಿಮ್ಮ ಮಗಳ ಮನೆ ಯಾವ ಬೀದಿಯಲ್ಲಿದೆ, ನೀರಿನಿಂದ ಎಷ್ಟು ಎತ್ತರದಲ್ಲಿದೆ?

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದು ಪುಸ್ತಕ ಓದಿ ಕೊಡುವ ಸಲಹೆಯಲ್ಲ. ಈಗ ಕುವೆಂಪುನಗರದಲ್ಲಿ ನಿವೃತ್ತನಾಗಿ ಕೂತಿದ್ದೇನೆ. ಅದಕ್ಕೆ ಮುಂಚೆ ಬಹಳ ವರ್ಷ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಸಂಚಾರ ಎಂಜಿನಿಯರ್ ಆಗಿದ್ದೆ. 2005ರ ಸೆಪ್ಟೆಂಬರ್‌ನಲ್ಲಿ ರೀಟಾ ಎಂಬ ಚಂಡಮಾರುತ ಬಂತು. ಆಗಸ್ಟ್ 29ಕ್ಕೆ ಕತ್ರೀನಾ ನ್ಯೂ ಆರ್ಲಿಯನ್ಸ್ ಊರನ್ನು ಮುಳುಗಿಸಿ ಒಂದು ತಿಂಗಳೂ ಆಗಿರಲಿಲ್ಲ. ಸೂರಿನ ಮೇಲೆ ಹತ್ತಿ ಕೂತು ಕೈ ಬೀಸುತ್ತಿದ್ದ ಜನ ಎಲ್ಲರ ಕಣ್ಣಲ್ಲೂ ಇದ್ದರು. ನಮ್ಮ ಮನೆ ಊರಿನ ಪಶ್ಚಿಮಕ್ಕೆ, ಸಮುದ್ರದಿಂದ ಬಹಳ ಒಳಗೆ. ತೆರವು ಮಾಡಿ ಎಂದು ನಮ್ಮ ಬಡಾವಣೆಗೆ ಯಾರೂ ಹೇಳಿರಲಿಲ್ಲ. ಆದರೂ ಹೊರಟೆವು. ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ಆಸ್ಟಿನ್ ಕಡೆ ಕಾರು ತಿರುಗಿಸಿದರೆ, ಮೂರು ಗಂಟೆಯ ದಾರಿಗೆ ಹದಿನೇಳು ಗಂಟೆ ಹಿಡಿಯಿತು. ಪೆಟ್ರೋಲ್ ಉಳಿಸಲು ಎಸಿ ಆರಿಸಿದ್ದೆವು. ಹೊರಗೆ ಉರಿ ಬಿಸಿಲು. ಮಧ್ಯಾಹ್ನ ಹಿಂದಿನ ಸೀಟಿನಿಂದ ಹುಳಿ ವಾಸನೆ. ಸ್ಟೀಲ್ ಡಬ್ಬಿಯಲ್ಲಿದ್ದ ಮೊಸರನ್ನ ಉಕ್ಕಿ ಮುಚ್ಚಳ ಎದ್ದಿತ್ತು. ಪಕ್ಕದ ಸಾಲಿನಲ್ಲಿ ಒಬ್ಬ ಅಜ್ಜಿ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಕೂತಿದ್ದರು. ಅವರ ಕಾರೂ ನಮ್ಮದೂ ಒಂದು ಗಂಟೆ ಒಂದೇ ಬೇಲಿಕಂಬದ ಎದುರು ನಿಂತಿದ್ದವು. ಶನಿವಾರ ರೀಟಾ ಪೂರ್ವಕ್ಕೆ ಸರಿದು ಲೂಯಿಸಿಯಾನ ಗಡಿಯ ಹತ್ತಿರ ದಡ ಹತ್ತಿತು. ವಾಪಸ್ ಬಂದು ನೋಡಿದರೆ ನಮ್ಮ ಅಂಗಳದಲ್ಲಿ ಒಂದು ತುಳಸಿ ಕುಂಡ ಕೂಡ ಉರುಳಿರಲಿಲ್ಲ.

ಸಂಚಾರ ಲೆಕ್ಕ ಹಾಕುವುದೇ ಹೊಟ್ಟೆಪಾಡಾಗಿದ್ದ ನಾನೇ ಆ ರಸ್ತೆಯನ್ನು ಕಟ್ಟಿಹಾಕಿದ ಕಾರುಗಳಲ್ಲಿ ಒಂದನ್ನು ಓಡಿಸುತ್ತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಆ ವಾರ ಇಪ್ಪತ್ತೈದು ಲಕ್ಷದಷ್ಟು ಜನ ಮನೆ ಬಿಟ್ಟರೆಂದು ಅಂದಾಜು. ಅದರಲ್ಲಿ ದೊಡ್ಡ ಪಾಲು ನನ್ನಂತೆ ಹೊರಡಬೇಕಾದ ಅಗತ್ಯವೇ ಇಲ್ಲದವರು. ರೀಟಾದ ಲೆಕ್ಕಕ್ಕೆ ಬರೆದ ಸಾವುಗಳಲ್ಲಿ ನೂರಕ್ಕೂ ಹೆಚ್ಚು ಸಂಭವಿಸಿದ್ದು ಗಾಳಿಯಿಂದಲೂ ಅಲ್ಲ, ನೀರಿನಿಂದಲೂ ಅಲ್ಲ, ಊರು ಬಿಡುವ ಗಡಿಬಿಡಿಯಲ್ಲಿ. ಬಿಸಿಲ ಹೊಡೆತಕ್ಕೆ ಸತ್ತವರಿದ್ದರು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸು ಡಲ್ಲಾಸ್ ಹತ್ತಿರ ಹೊತ್ತಿಕೊಂಡು, ಒಳಗಿದ್ದ ಆಮ್ಲಜನಕದ ಸಿಲಿಂಡರ್‌ಗಳು ಸಿಡಿದು 23 ಜನ ಹೋದರು.

ಆದ್ದರಿಂದ ನನ್ನ ಸಲಹೆಗೆ ಎರಡು ಮುಖ. ಹೊರಡಬೇಕಾದವರು ಬೇಗ ಹೊರಡಬೇಕು. ಹೊರಡಬೇಕಾಗಿಲ್ಲದವರು ಮನೆಯಲ್ಲೇ ಇದ್ದು ರಸ್ತೆ ಬಿಡಬೇಕು. ನಿಮ್ಮ ಮಗಳ ಮನೆ ಯಾವ ಗುಂಪಿಗೆ ಸೇರುತ್ತದೆ ಅನ್ನುವುದನ್ನು ಬಿರುಗಾಳಿ ಬರುವ ವಾರದಲ್ಲಿ ಅಲ್ಲ, ಇವತ್ತು ಸಂಜೆ ಫೋನ್ ಮಾಡಿದಾಗಲೇ ತಿಳಿದುಕೊಳ್ಳಬಹುದು. ಫ್ಲೋರಿಡಾದ ಕರಾವಳಿ ಕೌಂಟಿಗಳು (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ನೀರು ನುಗ್ಗಬಹುದಾದ ಭಾಗವನ್ನು ಎ, ಬಿ, ಸಿ ಎಂದು ತೆರವು ವಲಯಗಳಾಗಿ ವಿಂಗಡಿಸಿವೆ. ಟ್ಯಾಂಪಾ ಇರುವ ಹಿಲ್ಸ್‌ಬರೋ ಕೌಂಟಿಯಲ್ಲಿ ಎ ಇಂದ ಇ ವರೆಗೆ ಐದು ವಲಯ. ಕೌಂಟಿಯ ಜಾಲತಾಣದಲ್ಲಿ ವಿಳಾಸ ಹಾಕಿದರೆ ಅಕ್ಷರ ಬರುತ್ತದೆ. ಎ ಬಂದರೆ ಮೊದಲು ಹೊರಡುವವರು, ಇ ಬಂದರೆ ಕೊನೆಗೆ. ಯಾವ ಅಕ್ಷರವೂ ಬರದಿದ್ದರೆ ಸಮುದ್ರದ ನೀರಿನ ಭಯ ಇಲ್ಲ. ಒಂದು ಎಚ್ಚರ: ಪ್ರವಾಹ ವಿಮೆಯ ನಕ್ಷೆಯಲ್ಲೂ ಎ ಅಂತಲೇ ಶುರುವಾಗುವ ವಲಯಗಳಿವೆ. ಅದು ಬೇರೆ, ಇದು ಬೇರೆ. ಓದಿಕೊಂಡವರೇ ಎರಡನ್ನೂ ಕಲಸಿಕೊಳ್ಳುತ್ತಾರೆ.

ಇನ್ನು ಅಳಿಯಂದಿರ ಎರಡನೇ ಮಹಡಿ. ಅಮೆರಿಕದಲ್ಲಿ ನೆಲಮಹಡಿಯನ್ನೇ ಒಂದನೇ ಮಹಡಿ ಎಂದು ಎಣಿಸುತ್ತಾರೆ. ಅವರ ಎರಡನೇ ಮಹಡಿ ನಮ್ಮ ಲೆಕ್ಕದಲ್ಲಿ ಒಂದನೇದು, ಹತ್ತು ಹದಿನೈದು ಮೆಟ್ಟಿಲು ಅಷ್ಟೇ. ಅಲ್ಲಿಗೆ ನೀರು ಬರಲಿಕ್ಕಿಲ್ಲ ಅಂತಲೇ ಇಟ್ಟುಕೊಳ್ಳೋಣ. ಕೆಳಗೆ ನಿಲ್ಲಿಸಿದ ಕಾರು ಮುಳುಗುತ್ತದೆ. ಕರೆಂಟು ಹೋಗುತ್ತದೆ, ಅದರ ಹಿಂದೆ ಲಿಫ್ಟು, ಫ್ರಿಜ್ಜು, ಎಸಿ. ಗಾಳಿ ಗಂಟೆಗೆ ಸುಮಾರು 65 ರಿಂದ 70 ಕಿಲೋಮೀಟರ್ ಮುಟ್ಟಿತೆಂದರೆ ಆಂಬುಲೆನ್ಸನ್ನು ರಸ್ತೆಗೆ ಇಳಿಸುವುದಿಲ್ಲ, ಅಲ್ಲಿಯ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದರೂ ಕಾಯಬೇಕು. ಗಟ್ಟಿಮುಟ್ಟಾದ ಇಬ್ಬರು ಹುಡುಗರಿದ್ದ ಮನೆಯಾದರೆ ಎರಡು ದಿನ ಹೇಗೋ ಕಳೆಯಬಹುದು. ತುಂಬು ಗರ್ಭಿಣಿ ಅಥವಾ ಹಸಿ ಬಾಣಂತಿ, ಇನ್ಸುಲಿನ್ ಮೇಲಿರುವ ಹಿರಿಯರು ಇರುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ವಲಯ ಎ ಅಥವಾ ಬಿ ಆಗಿದ್ದರೆ, ಆದೇಶ ಬರುವ ಮುಂಚೆಯೇ ನೀವು ಹೊರಟಿರಬೇಕು. ಸಿ ಅಥವಾ ಅದಕ್ಕಿಂತ ಒಳಗಿದ್ದರೆ ಆದೇಶಕ್ಕೆ ಕಾಯಬಹುದು. ಯಾವ ಅಕ್ಷರವೂ ಇಲ್ಲದಿದ್ದರೆ, ಕಟ್ಟಡ ಗಟ್ಟಿಯಿದ್ದರೆ, ಎಲ್ಲಿಗೂ ಹೋಗಬೇಡಿ.

ಸಮುದ್ರದ ನೀರಿಗೆ ಇಷ್ಟೊಂದು ಒತ್ತು ಯಾಕೆ ಅಂದರೆ, ಟೀವಿಯವರು ತೋರಿಸುವುದು ಬಾಗಿದ ತೆಂಗಿನ ಮರವನ್ನು. ಅಮೆರಿಕದಲ್ಲಿ ಚಂಡಮಾರುತದಿಂದ ನೇರವಾಗಿ ಸಾಯುವವರಲ್ಲಿ ಬಹುಪಾಲು ಜನ ಸಾಯುವುದು ನೀರಿನಲ್ಲಿ. ಕೆಟಗರಿ ಒಂದು, ಎರಡು, ಐದು ಎಂದು ಹೇಳುತ್ತಾರಲ್ಲ, ಅದು ಬರೀ ಗಾಳಿಯ ಅಳತೆ: ಗಂಟೆಗೆ 119 ಕಿಲೋಮೀಟರ್‌ಗೆ ಒಂದನೇ ಕೆಟಗರಿ ಶುರು, 252 ಮುಟ್ಟಿದರೆ ಐದು. ನೀರು ಎಷ್ಟು ಏರುತ್ತದೆ ಅನ್ನುವುದನ್ನು ಆ ಅಂಕಿ ಹೇಳುವುದೇ ಇಲ್ಲ. ನ್ಯೂ ಆರ್ಲಿಯನ್ಸ್ ಮುಳುಗಿದಾಗ ಕತ್ರೀನಾ ದಡ ಹತ್ತಿದ್ದು ಮೂರನೇ ಕೆಟಗರಿಯಲ್ಲಿ. ‘ಬರೀ ಮೂರು ಅಂತೆ’ ಎನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ.

ನೀರು ಹೇಗೆ ಬರುತ್ತದೆ ಎಂದು ಅಡುಗೆಮನೆಯಲ್ಲೇ ನೋಡಬಹುದು. ಅಗಲವಾದ ತಟ್ಟೆಗೆ ಅರ್ಧ ಬೆರಳು ನೀರು ಹಾಕಿ ಒಂದು ಕಡೆಯಿಂದ ಒಂದೇ ಸಮನೆ ಊದಿ. ನೀರು ಆಚೆ ಅಂಚಿಗೆ ಗುಡ್ಡೆಯಾಗುತ್ತದೆ. ಊದುತ್ತಲೇ ಇದ್ದರೆ ಅಂಚು ದಾಟುತ್ತದೆ. ಟ್ಯಾಂಪಾ ಕೊಲ್ಲಿ ಅಂಥ ತಟ್ಟೆ, ಬಹಳ ಆಳವಿಲ್ಲದ್ದು, ಒಂದೇ ಕಡೆ ಬಾಯಿ ತೆರೆದದ್ದು. ಭೂಮಧ್ಯರೇಖೆಯ ಉತ್ತರಕ್ಕೆ ಈ ಸುಳಿಗಳೆಲ್ಲ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತವೆ, ನಮ್ಮ ಬಂಗಾಳಕೊಲ್ಲಿಯ ಚಂಡಮಾರುತಗಳೂ ಹಾಗೇ. ಹರಿಕೇನ್ ಅನ್ನುವುದು ಅದಕ್ಕೆ ಅಟ್ಲಾಂಟಿಕ್ ಕಡೆಯ ಹೆಸರು, ಜಾತಿ ಒಂದೇ. ಹಾಗಾಗಿ ಅದು ಟ್ಯಾಂಪಾದ ಉತ್ತರಕ್ಕೆ ದಡ ಹತ್ತಿದರೆ ಗಾಳಿ ಸಮುದ್ರದ ಕಡೆಯಿಂದ ಬೀಸಿ ನೀರನ್ನು ಕೊಲ್ಲಿಯ ಒಳಕ್ಕೆ ತುಂಬುತ್ತದೆ. ದಕ್ಷಿಣಕ್ಕೆ ಹತ್ತಿದರೆ ನೆಲದ ಕಡೆಯಿಂದ ಬೀಸಿ ನೀರನ್ನು ಹೊರಕ್ಕೆ ತಳ್ಳುತ್ತದೆ.

2024ರಲ್ಲಿ ಎರಡೇ ವಾರದ ಅಂತರದಲ್ಲಿ ಆ ಊರು ಎರಡನ್ನೂ ಕಂಡಿತು. ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಟ್ಯಾಂಪಾಗೆ ಬರಲೇ ಇಲ್ಲ. ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಸಮುದ್ರದಲ್ಲೇ ಹಾದು ದೂರದ ಉತ್ತರಕ್ಕೆ ಹೋಗಿ ದಡ ಹತ್ತಿತು. ಆದರೂ ಕೊಲ್ಲಿಯ ನೀರು ಆರೇಳು ಅಡಿ ಎದ್ದು ಮನೆಗಳಿಗೆ ನುಗ್ಗಿತು, ಜನ ಮುಳುಗಿ ಸತ್ತರು. ಅಕ್ಟೋಬರ್ 9ಕ್ಕೆ ಬಂದ ಮಿಲ್ಟನ್ ನೇರ ಟ್ಯಾಂಪಾ ಕಡೆಗೇ ಗುರಿಯಿಟ್ಟಂತಿತ್ತು. ಕೊನೆಯಲ್ಲಿ ಸ್ವಲ್ಪ ಕೆಳಗೆ, ಸರಸೋಟದ ಪಕ್ಕದ ಸಿಯೆಸ್ಟಾ ಕೀ ಎಂಬಲ್ಲಿ ದಡ ಹತ್ತಿತು. ಕೊಲ್ಲಿಯ ನೀರು ಹಿಂದಕ್ಕೆ ಸರಿದು ಕೆಸರು ಕಂಡಿತು. ಹಾಗೆಂದು ಅದೇನು ಕನಿಕರ ತೋರಿಸಲಿಲ್ಲ. ಕೊಲ್ಲಿಯಾಚೆಯ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಂದೇ ದಿನ 18 ಅಂಗುಲ ಮಳೆ ಸುರಿಯಿತು. ಅಂದರೆ ಮೈಸೂರಿಗೆ ಇಡೀ ವರ್ಷದಲ್ಲಿ ಬರುವ ಮಳೆಯ ಅರ್ಧದಷ್ಟು. ಮಿಲ್ಟನ್‌ಗೆ ಓಡಿಹೋಗಿ ‘ಸುಮ್ಮನೆ ಹೋದೆವು’ ಎಂದವರೂ, ಹೆಲೀನ್‌ಗೆ ಓಡದೆ ‘ದೂರ ಇದೆಯಲ್ಲ’ ಎಂದವರೂ ಇಬ್ಬರೂ ಬಿರುಗಾಳಿಯ ಗೆರೆ ನೋಡಿದ್ದರು, ತಮ್ಮ ವಲಯ ನೋಡಿರಲಿಲ್ಲ.

ಆ ಗೆರೆಯ ವಿಷಯ. ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ ಒಂದು ನಕ್ಷೆ ಬಿಡುತ್ತದೆ, ಐಸ್‌ಕ್ರೀಮ್ ಕೋನ್ ಆಕಾರದ್ದು. ಬಿರುಗಾಳಿಯ ನಡುಬಿಂದು ಎಲ್ಲೆಲ್ಲಿ ಹಾಯಬಹುದು ಎಂಬುದರ ಅಂದಾಜು ಅದು. ಮೂರರಲ್ಲಿ ಎರಡು ಸಲ ನಡುಬಿಂದು ಆ ಕೋನಿನ ಒಳಗೇ ಉಳಿಯುತ್ತದೆ, ಒಂದು ಸಲ ಹೊರಗೆ ಹೋಗುತ್ತದೆ. ಬಿರುಗಾಳಿಯ ಮೈ ಎಷ್ಟು ಅಗಲ ಅನ್ನುವುದು ಅದರಲ್ಲಿ ಇಲ್ಲ. 2004ರ ಆಗಸ್ಟ್‌ನಲ್ಲಿ ಚಾರ್ಲಿ ಟ್ಯಾಂಪಾಗೆ ಬರುತ್ತದೆಂದು ಜನ ಒಳನಾಡಿನ ಒರ್ಲ್ಯಾಂಡೋಗೆ ಓಡಿದರು. ಚಾರ್ಲಿ ತಿರುಗಿ ದಕ್ಷಿಣದಲ್ಲಿ ದಡ ಹತ್ತಿ, ರಾಜ್ಯವನ್ನು ಅಡ್ಡ ಸೀಳಿಕೊಂಡು ಅದೇ ಒರ್ಲ್ಯಾಂಡೋ ಮೇಲೆ ಹಾದುಹೋಯಿತು. ಪಾಪ, ಹೋಟೆಲ್ ದುಡ್ಡು ಕೊಟ್ಟು ಬಿರುಗಾಳಿ ನೋಡಿ ಬಂದರು.

ಹಾಗಾದರೆ ಎಲ್ಲಿಗೆ? ಫ್ಲೋರಿಡಾದ ಅಧಿಕಾರಿಗಳು ಈಗ ಪದೇಪದೇ ಹೇಳುವುದು ಹತ್ತಾರು ಮೈಲಿ ಸಾಕು, ನೂರಾರು ಮೈಲಿ ಬೇಡ ಎಂದು. ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಿಮಗೆ ಬೇಕಾದದ್ದು ಸಮುದ್ರದ ನೀರು ಮುಟ್ಟದ ಒಂದು ಗಟ್ಟಿ ಕಟ್ಟಡ. ಅದು ಪಕ್ಕದ ರಾಜ್ಯ ಜಾರ್ಜಿಯಾದಲ್ಲೇ ಇರಬೇಕೆಂದಿಲ್ಲ. ಇಡೀ ಫ್ಲೋರಿಡಾ ರಾಜ್ಯದ ಅತಿ ಎತ್ತರದ ಜಾಗ 105 ಮೀಟರ್. ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವವರು ನಂದಿ ಮುಟ್ಟುವ ಮೊದಲೇ ಅಷ್ಟು ಏರಿರುತ್ತಾರೆ. ಹಾಗಾಗಿ ಬೆಟ್ಟ ಹುಡುಕಬೇಡಿ. ಟ್ಯಾಂಪಾದ ಪೂರ್ವಕ್ಕೆ, ಕಾರಿನಲ್ಲಿ ಒಂದು ಗಂಟೆಯೊಳಗೆ ಲೇಕ್‌ಲ್ಯಾಂಡ್ ಎಂಬ ಊರಿದೆ, ಸಮುದ್ರದಿಂದ ಸುಮಾರು 60 ಮೀಟರ್ ಎತ್ತರ. ಅಂಥ ಕಡೆ, ಯಾವ ವಲಯದ ಅಕ್ಷರವೂ ಇಲ್ಲದ ಜಾಗದಲ್ಲಿ, ಕೆರೆ ಹಳ್ಳದ ಪಕ್ಕ ಅಲ್ಲದ ಒಂದು ಕಾಂಕ್ರೀಟ್ ಇಟ್ಟಿಗೆಯ ಮನೆ ಇದ್ದರೆ ಬಂಗಾರ. ಅಲ್ಲಿಯ ಕನ್ನಡ ಕೂಟದಲ್ಲಿ ಅಳಿಯಂದಿರಿಗೆ ಪರಿಚಯದವರು ಖಂಡಿತ ಇರುತ್ತಾರೆ. ಈಗಲೇ ಹೋಗಿ, ಒಂದು ಊಟ ಮಾಡಿ, ‘ಬಿರುಗಾಳಿ ಬಂದರೆ ನಾವು ಐದು ಜನ, ಅದರಲ್ಲಿ ಒಂದು ಕೂಸು, ಬರಬಹುದಾ?’ ಎಂದು ಬಾಯಿಬಿಟ್ಟು ಕೇಳಬೇಕು. ಸಂಕೋಚ ಪಟ್ಟುಕೊಂಡವರು ಕೊನೆಗೆ ಶಾಲೆಯ ವ್ಯಾಯಾಮದ ಹಾಲಿನಲ್ಲಿ ನೆಲದ ಮೇಲೆ ಮಲಗುತ್ತಾರೆ. ಅದೂ ಕೆಟ್ಟದ್ದೇನಲ್ಲ, ಜೀವ ಉಳಿಯುತ್ತದೆ. ಆದರೆ ಹಾಸಿಗೆ ಹೊದಿಕೆ ನೀವೇ ಒಯ್ಯಬೇಕು, ಬಾಣಂತಿಗೆ ಕಷ್ಟ. ಹೋಗುವುದೇ ಆದರೆ, ವೈದ್ಯಕೀಯ ಅಗತ್ಯ ಇರುವವರಿಗೆ ಕೌಂಟಿಯವರು ಬೇರೆ ಆಶ್ರಯತಾಣ ಇಟ್ಟಿರುತ್ತಾರೆ. ಅದಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು.

ಯಾವಾಗ ಹೊರಡಬೇಕು ಅನ್ನುವುದು ನನ್ನ ಕಸುಬಿನ ಪ್ರಶ್ನೆ, ಸ್ವಲ್ಪ ಉದ್ದ ಆದರೆ ಕ್ಷಮಿಸಿ. ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮುಗಿದ ಮೇಲೆ ಹೊರಗೆ ಬಂದಿದ್ದೀರಾ? ಪಟಾಕಿ ಶುರುವಾಗುವ ಮುಂಚೆ ಎದ್ದವರು ಹತ್ತು ನಿಮಿಷದಲ್ಲಿ ಮನೆ ಸೇರುತ್ತಾರೆ. ಕೊನೆಯ ಪಟಾಕಿ ನೋಡಿ ಎದ್ದವರು ಎರಡು ಗಂಟೆ ಹೈವೇ ಸರ್ಕಲ್ ಸುತ್ತ ಒದ್ದಾಡುತ್ತಾರೆ. ದಾರಿ ಅದೇ, ಹೊತ್ತು ಬೇರೆ. ಹೆದ್ದಾರಿಯ ಒಂದು ಪಥದಲ್ಲಿ ಗಂಟೆಗೆ ಸುಮಾರು 2,000 ಕಾರು ಹೋಗಬಹುದು. ದಟ್ಟಣೆ ಮಿತಿ ಮೀರಿದರೆ ಅದು 1,500ಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಕಾರು ಹೆಚ್ಚಾದಷ್ಟೂ ಹೋಗುವ ಕಾರು ಕಡಿಮೆಯಾಗುತ್ತದೆ, ಇದು ಜನಕ್ಕೆ ನಂಬಿಸಲು ಕಷ್ಟವಾದ ಮಾತು. ನಾಲ್ಕು ಲಕ್ಷ ಕಾರು ಆರು ಪಥಗಳಲ್ಲಿ ಹೊರಡಬೇಕು ಎಂದಿಟ್ಟುಕೊಳ್ಳಿ. 1,500ರ ಲೆಕ್ಕದಲ್ಲಿ ಗಂಟೆಗೆ 9,000. ಎಲ್ಲರೂ ಹೋಗಲು 44 ಗಂಟೆ ಬೇಕು, ಒಂದೂ ಅಪಘಾತ ಆಗದಿದ್ದರೆ. ಎಚ್ಚರಿಕೆ ಬರುವುದು ಎಷ್ಟು ಮುಂಚೆ? ಬಿರುಸಿನ ಗಾಳಿ ಮುಟ್ಟುವ ಸುಮಾರು 48 ಗಂಟೆ ಮೊದಲು ‘ವಾಚ್’, ಅಂದರೆ ಬರಬಹುದು ಎಂದು; 36 ಗಂಟೆ ಮೊದಲು ‘ವಾರ್ನಿಂಗ್’, ಅಂದರೆ ಬರುವ ನಿರೀಕ್ಷೆ ಇದೆ ಎಂದು. ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವಾರ್ನಿಂಗ್ ಕೇಳಿದ ಮೇಲೆ ಬಟ್ಟೆ ಮಡಚಲು ಕೂತವರು ಪಟಾಕಿ ನೋಡಿ ಎದ್ದವರು.

ಮಗಳ ಮನೆ ಎ ಅಥವಾ ಬಿ ವಲಯದಲ್ಲಿದ್ದರೆ ನಾನು ಹಾಕಿಕೊಡುವ ಗೆರೆ ಇದು: ವಾಚ್ ಬಂದ ದಿನವೇ, ಹಗಲಿನಲ್ಲೇ ಹೊರಡಿ. ಬಿರುಗಾಳಿ ಬೇರೆ ಕಡೆ ತಿರುಗಿಹೋದರೆ ಗೆಳೆಯರ ಮನೆಯಲ್ಲಿ ಎರಡು ದಿನ ಹಬ್ಬ ಮಾಡಿದಂತಾಯಿತು. ಟ್ಯಾಂಪಾದಿಂದ ಸೇಂಟ್ ಪೀಟರ್ಸ್‌ಬರ್ಗ್ ಕಡೆಗಿನ ಉದ್ದನೆಯ ಸೇತುವೆಗಳನ್ನು ಗಾಳಿ ಜೋರಾದರೆ ಮುಚ್ಚಿಬಿಡುತ್ತಾರೆ. ಆ ದಿಕ್ಕಿಗೆ ಹೇಗೂ ಹೋಗಬೇಡಿ, ಪೂರ್ವಕ್ಕೆ ಹೋಗಿ. ವಿಮಾನದ ಆಸೆ ಇಟ್ಟುಕೊಳ್ಳಬೇಡಿ. ನಿಲ್ದಾಣವನ್ನು ಬಿರುಗಾಳಿಗೆ ಒಂದು ದಿನ ಮೊದಲೇ ಮುಚ್ಚುವುದುಂಟು, ಮೇಲಾಗಿ ತುಂಬು ತಿಂಗಳಲ್ಲಿ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಜೂನ್ ಒಂದರಿಂದ ನವೆಂಬರ್ ಕೊನೆಯವರೆಗೆ ಅಲ್ಲಿ ಚಂಡಮಾರುತದ ಕಾಲ, ಸೆಪ್ಟೆಂಬರ್ ಹತ್ತರ ಆಸುಪಾಸು ನೆತ್ತಿ. ಅಷ್ಟು ದಿನವೂ ಕಾರಿನ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯದಂತೆ ಅಳಿಯಂದಿರಿಗೆ ಹೇಳಿ. ಮಿಲ್ಟನ್ ಬರುವ ಮುಂಚೆ ಫ್ಲೋರಿಡಾದ ಬಂಕುಗಳು ಒಂದಾದ ಮೇಲೊಂದು ಖಾಲಿಯಾಗಿದ್ದವು.

ದಾರಿಯಲ್ಲಿ ನೀರು ಹರಿಯುತ್ತಿದ್ದರೆ ತಿರುಗಿಸಿಕೊಂಡು ಬನ್ನಿ. ನಂಜನಗೂಡು ರಸ್ತೆಯಲ್ಲಿ ಮಲ್ಲನಮೂಲೆ ಮಠದ ಹತ್ತಿರ ಕಬಿನಿ ನೀರು ಬಂದಾಗ ‘ಮುಂದಿನ ಬಸ್ಸು ಹೋಯಿತಲ್ಲ’ ಎಂದು ಕಾರು ಇಳಿಸುವವರನ್ನು ನೋಡಿದ್ದೇನೆ. ಅರ್ಧ ಅಡಿ ಹರಿಯುವ ನೀರು ನಿಂತ ಮನುಷ್ಯನನ್ನು ಬೀಳಿಸುತ್ತದೆ, ಒಂದಡಿ ಸಣ್ಣ ಕಾರನ್ನು ತೇಲಿಸುತ್ತದೆ, ಎರಡಡಿ ದೊಡ್ಡ ಕಾರನ್ನೂ.

ಈಗ ಹೆಣ್ಣುಮಕ್ಕಳ ಮಾತಿಗೆ ಬರೋಣ. ಬಾಣಂತಿಯನ್ನು ಗಾಳಿಗೆ ಒಡ್ಡಬಾರದು, ಹನ್ನೊಂದು ದಿನ ಹೊಸಿಲು ದಾಟಿಸಬಾರದು ಎಂದು ನಿಮ್ಮ ಮನಸ್ಸು ಹೇಳಬಹುದು, ಬೀಗಿತ್ತಿಯವರೂ ಫೋನಿನಲ್ಲಿ ಹೇಳಬಹುದು. ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿಯೇ ಕರೆದುಕೊಂಡು ಹೋಗಿ, ಯಾರು ಬೇಡ ಎಂದರು? ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಹೆರಿಗೆ ಆದ ಹೊಸತರಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಪ್ರಯಾಣ ಉದ್ದವಾದರೆ ಒಂದೆರಡು ಗಂಟೆಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಬೇಕು. ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಹೋಗುವಂತಿಲ್ಲ. ಹಿಂದಿನ ಸೀಟಿನಲ್ಲಿ, ಹಿಂದಕ್ಕೆ ಮುಖ ಮಾಡಿದ ಕಾರ್‌ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಬೇಕು, ಕೂಸಿಗೆ ಕಾರ್‌ಸೀಟು ಇರಲೇಬೇಕೆಂಬುದು ಅಲ್ಲಿಯ ಕಾನೂನು. ಅದನ್ನು ಸೆಪ್ಟೆಂಬರ್‌ಗೆ ಮೊದಲೇ ಕಾರಿಗೆ ಕೂರಿಸಿಡಲಿ. ಹೆರಿಗೆ ಆಗದೇ ಇದ್ದರೆ ವೈದ್ಯರನ್ನು ಮುಂಚೆಯೇ ಕೇಳಬೇಕಾದ್ದು ಒಂದೇ: ‘ನಾವು ಲೇಕ್‌ಲ್ಯಾಂಡ್‌ನಲ್ಲಿ ಇರುವಾಗ ನೋವು ಶುರುವಾದರೆ ಯಾವ ಆಸ್ಪತ್ರೆಗೆ ಹೋಗಬೇಕು?’ ಆ ಆಸ್ಪತ್ರೆಯ ವಿಳಾಸ, ಮಗಳ ರಕ್ತದ ಗುಂಪು, ಸ್ಕ್ಯಾನ್ ವರದಿಗಳ ಪ್ರತಿ ನಿಮ್ಮ ಕೈಚೀಲದಲ್ಲಿ ಕಾಗದದ ಮೇಲೆ ಇರಲಿ, ಮೊಬೈಲಿನಲ್ಲಿ ಮಾತ್ರ ಅಲ್ಲ.

ಯಜಮಾನರ ಇನ್ಸುಲಿನ್‌ಗೆ ಹೆದರಬೇಕಾಗಿಲ್ಲ. ಫ್ರಿಜ್ ಇಲ್ಲದಿದ್ದರೂ 30 ಡಿಗ್ರಿ ಒಳಗಿನ ತಾಪದಲ್ಲಿ ಬಹುತೇಕ ಇನ್ಸುಲಿನ್‌ಗಳು 28 ದಿನದವರೆಗೆ ಕೆಲಸ ಮಾಡುತ್ತವೆ, ನಿಮ್ಮ ಬ್ರ್ಯಾಂಡಿನ ಪೆಟ್ಟಿಗೆಯ ಮೇಲಿರುವುದನ್ನು ಒಮ್ಮೆ ಓದಿಕೊಳ್ಳಿ. ಕೆಡುವುದು ಎರಡರಿಂದ: ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ, ಅಥವಾ ತಂಪಿರಲಿ ಎಂದು ಮಂಜುಗಡ್ಡೆಗೆ ನೇರ ತಾಗಿಸಿ ಹೆಪ್ಪುಗಟ್ಟಿಸಿದರೆ. ಬಟ್ಟೆ ಸುತ್ತಿ ಐಸ್ ಪೆಟ್ಟಿಗೆಯಲ್ಲಿಡಿ. ನಮ್ಮ ಕಡೆ ಮಡಕೆಗೆ ಒದ್ದೆ ಮರಳು ಹಾಕಿ ಇಡುತ್ತಾರಲ್ಲ, ಅದು ಒಣ ಹವೆಯ ಉಪಾಯ. ಟ್ಯಾಂಪಾದ ಜಿಗುಟು ಸೆಕೆಯಲ್ಲಿ ಮಡಕೆ ಅಷ್ಟಾಗಿ ತಣ್ಣಗಾಗುವುದಿಲ್ಲ. ಇಲ್ಲಿಂದ ಹೊರಡುವಾಗಲೇ ಒಂದು ತಿಂಗಳಿನ ಹೆಚ್ಚುವರಿ ಔಷಧ, ಸೂಜಿ, ವೈದ್ಯರ ಚೀಟಿ ಒಯ್ಯಿರಿ. ಊಟದ ಹೊತ್ತು ತಪ್ಪಿ ಸಕ್ಕರೆ ಇಳಿದರೆ ಬೇಕಾಗುವ ಗ್ಲೂಕೋಸ್ ಯಜಮಾನರ ಜೇಬಿನಲ್ಲಿರಲಿ, ಡಿಕ್ಕಿಯಲ್ಲಲ್ಲ.

ದಾರಿಯ ಬುತ್ತಿಗೆ ಮೊಸರನ್ನ ಮಾತ್ರ ಬೇಡ, ಯಾಕೆಂದು ಮೇಲೆಯೇ ಹೇಳಿದ್ದೇನೆ. ಗೊಜ್ಜವಲಕ್ಕಿ ಪುಡಿ ಕಲಸಿಟ್ಟುಕೊಂಡರೆ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಊಟ. ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ, ಒಲೆ ಬೇಡದ ಎಲ್ಲವೂ ಸರಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಬಾಣಂತಿಗೆ ಇನ್ನೂ ಹೆಚ್ಚು. ಕರೆಂಟಿಲ್ಲದ ಊರಿನಲ್ಲಿ ಕಾರ್ಡು ಉಜ್ಜಲಾಗುವುದಿಲ್ಲ, ಸಣ್ಣ ನೋಟುಗಳು ಇರಲಿ. ಪಾಸ್‌ಪೋರ್ಟು, ವೀಸಾ, ಪ್ರವಾಸಿ ವಿಮೆಯ ಕಾಗದ, ಮಕ್ಕಳ ಕೆಲಸದ ವೀಸಾ ಪತ್ರಗಳು, ಕೂಸಿಗೆ ಆಸ್ಪತ್ರೆಯವರು ಕೊಟ್ಟ ಚೀಟಿ, ಇವೆಲ್ಲ ಎರಡು ಪ್ಲಾಸ್ಟಿಕ್ ಚೀಲದೊಳಗೆ ನಿಮ್ಮ ಮೈಮೇಲೇ ಇರಬೇಕು. ಒಂದು ವೇಳೆ ಪಾಸ್‌ಪೋರ್ಟ್ ಹೋದರೆ ಫ್ಲೋರಿಡಾಗೆ ಸಂಬಂಧಪಟ್ಟ ಭಾರತದ ಕಾನ್ಸುಲೇಟ್ ಅಟ್ಲಾಂಟಾದಲ್ಲಿದೆ. ಚಿನ್ನ ಇಲ್ಲಿಯೇ ಲಾಕರಿನಲ್ಲಿಟ್ಟು ಹೋಗಿ, ದಯವಿಟ್ಟು.

ಹೊರಡಲು ಆಗದೇ ಸಿಕ್ಕಿಬಿದ್ದರೆ? ಕಿಟಕಿಯಿಲ್ಲದ ಒಳಕೋಣೆ, ಬಚ್ಚಲಾದರೂ ಸರಿ. ಗಾಜಿಗೆ ಟೇಪ್ ಅಂಟಿಸುವುದು ದಂಡ. ನಡುವೆ ಗಾಳಿ ತಟ್ಟನೆ ನಿಂತು ಬಿಸಿಲೂ ಬರಬಹುದು. ಅದು ಬಿರುಗಾಳಿಯ ಕಣ್ಣು, ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಬಿರುಸಾಗಿ ಹೊಡೆಯುತ್ತದೆ. ಕಾರು ನೋಡಿಕೊಂಡು ಬರುತ್ತೇನೆ ಎಂದು ಅಳಿಯಂದಿರು ಆಗ ಇಳಿಯಬಾರದು.

ಮುಗಿದ ಮೇಲೆ ಸಾಯುವವರೂ ಕಡಿಮೆಯಿಲ್ಲ. ಅಕ್ಕಪಕ್ಕದವರು ಜನರೇಟರ್ ಹಚ್ಚುತ್ತಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಮನೆಯಿಂದ ಇಪ್ಪತ್ತು ಅಡಿ ದೂರ, ಬಯಲಿನಲ್ಲಿ ಇಟ್ಟಿದ್ದಾರೆಯೇ ನೋಡಿ, ಬಾಲ್ಕನಿಯಲ್ಲೋ ಗ್ಯಾರೇಜಿನಲ್ಲೋ ಇಟ್ಟಿದ್ದರೆ ಜಗಳವಾಡಿಯಾದರೂ ತೆಗೆಸಿ. ಅಳಿಯಂದಿರದ್ದು ವಿದ್ಯುತ್ ಕಾರಾಗಿದ್ದು ಉಪ್ಪುನೀರಿನಲ್ಲಿ ನಿಂತಿದ್ದರೆ ಚಾಲೂ ಮಾಡಬಾರದು, ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಂಡ ಉದಾಹರಣೆಗಳಿವೆ. ಕೌಂಟಿಯವರು ವಾಪಸ್ ಬನ್ನಿ ಎನ್ನುವವರೆಗೆ ಬರಬೇಡಿ. ಬಂದ ಮೇಲೆ ನಲ್ಲಿ ನೀರನ್ನು ಕುದಿಸದೆ ಕುಡಿಯಬೇಡಿ, ಕೂಸಿನ ಬಾಟಲಿಗಂತೂ ಬೇಡ.

ಕೊನೆಯದಾಗಿ, ಮೈಸೂರಿನಲ್ಲಿ ಒಬ್ಬರನ್ನು ಗೊತ್ತು ಮಾಡಿ ಹೋಗಿ, ನಿಮ್ಮ ತಮ್ಮನೋ ಪಕ್ಕದ ಮನೆಯವರೋ. ಬಿರುಗಾಳಿ ಬಂದಾಗ ಅಲ್ಲಿಯ ಫೋನ್ ಗೋಪುರಗಳೆಲ್ಲ ಕಿಕ್ಕಿರಿದು, ಲೇಕ್‌ಲ್ಯಾಂಡ್‌ನಿಂದ ಟ್ಯಾಂಪಾಗೆ ಮಾತು ಹೋಗದಿದ್ದರೂ ಒಂದು ಸಾಲಿನ ಸಂದೇಶ ಮೈಸೂರಿಗೆ ತಲುಪಬಹುದು. ನೀವು ನಾಲ್ವರೂ ಬೇರೆಬೇರೆಯಾದರೆ ಎಲ್ಲರೂ ಆ ಒಬ್ಬರಿಗೇ ತಿಳಿಸುವುದು, ಅವರು ಉಳಿದವರಿಗೆ ದಾಟಿಸುವುದು. ಬೀಗರು, ನೆಂಟರು ವಿಚಾರಿಸಬೇಕಾದ್ದೂ ಅವರನ್ನೇ, ನಿಮ್ಮ ಫೋನಿನ ಬ್ಯಾಟರಿ ಉಳಿಯುತ್ತದೆ. ಹರಿಕೇನ್ ಕೇಂದ್ರದ ಮುಖ್ಯ ಬುಲೆಟಿನ್ ಆರು ಗಂಟೆಗೊಮ್ಮೆ ಬರುತ್ತದೆ. ಆ ತಿಂಗಳುಗಳಲ್ಲಿ ಟ್ಯಾಂಪಾದ ಬೆಳಿಗ್ಗೆ 11ರದ್ದು ಮೈಸೂರಿಗೆ ರಾತ್ರಿ ಎಂಟೂವರೆ, ರಾತ್ರಿ 11ರದ್ದು ಇಲ್ಲಿಗೆ ಬೆಳಿಗ್ಗೆ ಎಂಟೂವರೆ. ನಿಮ್ಮ ತಮ್ಮ ತಿಂಡಿ ತಿನ್ನುವಾಗ ಒಮ್ಮೆ, ಊಟಕ್ಕೆ ಕೂರುವಾಗ ಒಮ್ಮೆ ನೋಡಿದರೆ ಸಾಕು.